ಘಟ್ಟ ಇಳಿಯುವ ಗಾಲಿಗೆ ತಡೆ

ಗಾಲಿಯನ್ನು ಉರುಳಿಸುವ ವಿದ್ಯೆಯ ಚರಿತ್ರೆಯನ್ನು ಬರೆದವರು ಬಹುಮಂದಿ. ಉರುಳುವ ಗಾಲಿಯನ್ನು ನಿಲ್ಲಿಸುವ ವಿದ್ಯೆಯ ಚರಿತ್ರೆಯನ್ನು ಕೇಳುವವರೇ ಕಡಮೆ. ಬಯಲುಸೀಮೆಯವರಿಗೆ ಈ ಉಪೇಕ್ಷೆ ಸಲ್ಲಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರಿಗೆ ಸಲ್ಲದು. ನಮ್ಮ ಮೂರು ತಾಲ್ಲೂಕುಗಳೂ ಘಟ್ಟದ ನೆತ್ತಿಯ ಮೇಲೆ ಕುಳಿತಿವೆ. ಕಡಲತ್ತ ಹೋಗಬೇಕಾದರೆ ಶಿರಸಿಯವರು ದೇವಿಮನೆ ಘಟ್ಟವನ್ನೂ, ಯಲ್ಲಾಪುರದವರು ಅರಬೈಲು ಘಟ್ಟವನ್ನೂ, ಸಿದ್ದಾಪುರದವರು ದೊಡ್ಮನೆ ಘಟ್ಟವನ್ನೂ ಇಳಿಯಬೇಕು. ಹಿಂದೆ ಎತ್ತಿನ ಗಾಡಿಯಲ್ಲಿ ಇಳಿದರು. ಈಗ ನಿಮ್ಮ ಮನೆಯ ಹುಡುಗ ಮೋಟಾರು ಸೈಕಲ್ಲಿನಲ್ಲಿ ಇಳಿಯುತ್ತಾನೆ. ಅವನ ಮುಂಗಾಲಿಯಲ್ಲಿ ಹೊಳೆಯುವ ತೂತುತೂತಾದ ಉಕ್ಕಿನ ತಟ್ಟೆಯೇ ಡಿಸ್ಕು. ಅದರ ವಂಶಾವಳಿಯನ್ನು ಸ್ವಲ್ಪ ವಿಚಾರಿಸೋಣ.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದಿದ್ದ ಕಾಲವದು. ಆ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ಧಾರವಾಡದಲ್ಲಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ನಿಂತಿತು. ಹೇರು ತುಂಬಿದ ಗಾಡಿಗೆ ಏರಿನಲ್ಲಿ ಎತ್ತಿನ ಬಲ ಬೇಕು. ಇಳಿಜಾರಿನಲ್ಲಾದರೋ ಗಾಡಿಯೇ ಎತ್ತುಗಳನ್ನು ನೂಕುತ್ತದೆ. ಅದಕ್ಕೆಂದೇ ಗಾಲಿಗೆ ಒತ್ತುವ ಮರದ ತುಂಡು, ಅದಕ್ಕೊಂದು ಹಗ್ಗ. ಅದೂ ಸಾಲದಾದರೆ ಗಾಡಿಯ ಹಿಂದೆ ಒಂದು ದಿಮ್ಮಿಯನ್ನು ಕಟ್ಟಿ ಎಳೆಸುವುದು. ಗಾಡಿಯ ಈ ತಡೆಗೆ ಕನ್ನಡದಲ್ಲಿ ‘ಬಿರಿ’ ಎಂಬ ಎರಡಕ್ಷರದ ಮಾತಿದೆ. ಅದನ್ನು ಬಿಟ್ಟು ನಾವೆಲ್ಲ ‘ಬ್ರೇಕು’ ಎಂದೆವು. ಪಂಡಿತನಾದ ನನಗೆ ಇದೊಂದು ಚಿಕ್ಕ ವ್ಯಸನ, ಇರಲಿ.

ಇದೇ ಕಷ್ಟ ಇಂಗ್ಲೆಂಡಿನ ಗುಡ್ಡಗಾಡಿನವರಿಗೂ ಇತ್ತು. ಡರ್ಬಿಶೈರಿನಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಹಳೆಯ ಬೂಟುಗಳನ್ನು ಗಾಲಿಗೆ ಒತ್ತಿಸಿ ವೇಗ ತಗ್ಗಿಸುತ್ತಿದ್ದರಂತೆ. ಹರ್ಬರ್ಟ್ ಫ್ರೂಡ್ ಎಂಬಾತ ಅದನ್ನು ಕಂಡು, ಒತ್ತಿಸುವುದಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಯಾವುದೆಂದು ಹುಡುಕತೊಡಗಿದ. 1897ರಲ್ಲಿ ಅವನು ಆರಂಭಿಸಿದ ಉದ್ಯಮವೇ ಮುಂದೆ ಫೆರೋಡೊ ಎಂದು ಹೆಸರಾಯಿತು. ಲೋಹಕ್ಕೆ ಒತ್ತಿಕೊಂಡು ತಾನು ಸವೆದು ಗಾಡಿಯನ್ನು ನಿಲ್ಲಿಸುವ ಪದಾರ್ಥಕ್ಕೆ ಬಹುಕಾಲ ಕಲ್ನಾರನ್ನು ಬಳಸಿದರು. ಅದರ ಧೂಳು ಶ್ವಾಸಕೋಶಕ್ಕೆ ಮೃತ್ಯುವೆಂದು ತಿಳಿದ ಮೇಲೆ ಅನೇಕ ದೇಶಗಳು ಅದನ್ನು ಕೈಬಿಟ್ಟವು.

ಉಕ್ಕಿನ ತಟ್ಟೆಯನ್ನು ಎರಡು ಕಡೆಯಿಂದ ಚಿಮಟದಂತೆ ಹಿಡಿದು ನಿಲ್ಲಿಸುವ ಉಪಾಯವನ್ನು ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಬರ್ಮಿಂಗ್‌ಹ್ಯಾಮಿನಲ್ಲಿ ಪೇಟೆಂಟು ಮಾಡಿಸಿದ್ದ. ಅವನು ಇಟ್ಟ ಹಿಡಿತದ ತುಂಡುಗಳು ತಾಮ್ರದವು. ಬ್ರೇಕು ಹಿಡಿದರೆ ಕಿವಿ ಹರಿಯುವ ಕಿರುಚಾಟ. ಸಾಲದ್ದಕ್ಕೆ ಅಂದಿನ ಮಣ್ಣುರಸ್ತೆಯ ಧೂಳು ಸಿಕ್ಕಿ ತಾಮ್ರವು ಬೇಗನೆ ಸವೆಯುತ್ತಿತ್ತು. ಆದುದರಿಂದ ಡಿಸ್ಕು ಮೂಲೆಗೆ ಬಿತ್ತು. ಅದೇ ಕಾಲದಲ್ಲಿ ಲೂಯಿ ರೆನೊ ರೂಪಿಸಿದ ಡ್ರಮ್ ಬ್ರೇಕು ಅರ್ಧ ಶತಮಾನ ರಾಜ್ಯವಾಳಿತು. 1953ರಲ್ಲಿ ಡಿಸ್ಕು ತೊಟ್ಟ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಾಗ ಲೋಕ ಮತ್ತೆ ಅದರತ್ತ ತಿರುಗಿ ನೋಡಿತು. 1969ರಲ್ಲಿ ಹೋಂಡಾ ಕಂಪನಿ ತನ್ನ 750 ಸಿಸಿಯ ಮೋಟಾರು ಸೈಕಲ್ಲಿಗೆ ಮುಂದಿನ ಡಿಸ್ಕು ಹಾಕಿತು. ತಮಾಷೆಯೆಂದರೆ, ಹೊಳೆಯಲೆಂದು ತುಕ್ಕು ಹಿಡಿಯದ ಉಕ್ಕಿನಿಂದ ಮಾಡಿದ ಆ ಕಾಲದ ಡಿಸ್ಕುಗಳು ಮಳೆಯಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ತಟ್ಟೆಯ ಮೇಲಿನ ನೀರಿನ ಪೊರೆ ಸರಿಯುವವರೆಗೆ ಸವಾರನು ದೇವರನ್ನು ನೆನೆಯಬೇಕಿತ್ತು. ತಟ್ಟೆಗೆ ತೂತು ಕೊರೆದದ್ದೂ, ಹಿಡಿತದ ಪ್ಯಾಡುಗಳಿಗೆ ಬೇರೆ ಮಿಶ್ರಣ ಹುಡುಕಿದ್ದೂ ಆ ಅನುಭವದ ಮೇಲೆ.

ನಮ್ಮಲ್ಲಿ ಮೈಸೂರಿನ ಜಾವಾ, ಮದರಾಸಿನ ಬುಲೆಟ್ಟು, ರಾಜದೂತ ಇವೆಲ್ಲ ಡ್ರಮ್ಮಿನವು. 1999ರ ಹೀರೋ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್ ಬಂದ ಮೇಲೆಯೇ ಡಿಸ್ಕು ಸಾಮಾನ್ಯ ಗೃಹಸ್ಥನ ಅಂಗಳಕ್ಕೆ ಕಾಲಿಟ್ಟದ್ದು.

ಈಗ ಒಂದು ಚಿಕ್ಕ ಲೆಕ್ಕ. ಬೇಸರ ಪಡಬೇಡಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರು ಎತ್ತರದಲ್ಲಿದೆ. ಕುಮಟೆ ಕಡಲ ದಡದಲ್ಲಿದೆ. ಇಳಿತ ಸುಮಾರು 500 ಮೀಟರು ಎಂದಿಟ್ಟುಕೊಳ್ಳಿ. ಗಾಡಿ, ಇಬ್ಬರು ಸವಾರರು, ಒಂದು ಚೀಲ ಸೇರಿ ತೂಕ 300 ಕಿಲೋ. ಆ ಇಳಿತದ ಶಕ್ತಿಯೆಲ್ಲ ಬಿಸಿಯಾಗಿ ಮಾರ್ಪಟ್ಟರೆ ನಾಲ್ಕು ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಗಾಳಿಯೂ ಕೆಳಗಿನ ಗೇರಿನಲ್ಲಿರುವ ಇಂಜಿನ್ನೂ ಅದರಲ್ಲಿ ಒಂದು ಪಾಲನ್ನು ಹೊರುತ್ತವೆ. ಇಂಜಿನ್ನನ್ನು ನ್ಯೂಟ್ರಲ್ಲಿಗೆ ಹಾಕಿ ಪೆಟ್ರೋಲು ಉಳಿಸುವ ಜಾಣನಾದರೋ ಇಂಜಿನ್ನಿನ ಪಾಲನ್ನೂ ಆ ತಟ್ಟೆಯ ತಲೆಗೇ ಕಟ್ಟುತ್ತಾನೆ. ದಪ್ಪ ತಟ್ಟೆ ಬಿಸಿಯನ್ನು ತಾಳಿಕೊಂಡು ಗಾಳಿಗೆ ಬಿಡುತ್ತದೆ. ತೆಳುವಾದದ್ದು ಬೇಗ ಕಾಯುತ್ತದೆ, ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ. ಕಾವು ಬ್ರೇಕಿನ ಎಣ್ಣೆಗೂ ತಟ್ಟುತ್ತದೆ. ಈ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ‘ಡಾಟ್ 4’ ಎಂಬ ದರ್ಜೆಯದು ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ, ಬ್ರೇಕಿನ ಹಿಡಿ ಕೈಗೆ ಹಗುರವಾಗಿ ಬಂದುಬಿಡುತ್ತದೆ. ನಮ್ಮ ಮಳೆಗಾಲದ ತೇವದ ವಿಷಯವನ್ನು ನಿಮಗೆ ಹೇಳಬೇಕೆ?

ಸವೆತದ ಮಾತೂ ಹಾಗೆಯೇ. ಜೂನಿನಿಂದ ನಾಲ್ಕು ತಿಂಗಳು ಕೆಂಪು ರಾಡಿ. ಅದರೊಳಗಿನ ನೊರಜು ತಟ್ಟೆಗೂ ಪ್ಯಾಡಿಗೂ ನಡುವೆ ಸಿಕ್ಕಿ ಅರದಂತೆ ಉಜ್ಜುತ್ತದೆ. ಲ್ಯಾಂಚೆಸ್ಟರನ ತಾಮ್ರವನ್ನು ತಿಂದ ಧೂಳಿನ ಬಂಧುವೇ ಇದು.

ಕಾನೂನು ಏನನ್ನುತ್ತದೆ? ಇಡೀ ಬ್ರಿಟಿಷ್ ಇಂಡಿಯಕ್ಕೆ ಮೋಟಾರು ವಾಹನ ಕಾಯಿದೆ ಬಂದುದು 1914ರಲ್ಲಿ. ವಿಸ್ತಾರವಾದ ಎರಡನೆಯದು 1939ರಲ್ಲಿ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದಾಗಲೂ ಅದೇ ಕಾಯಿದೆ ನಡೆಯುತ್ತಿತ್ತು. 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅದರಡಿಯ ಕೇಂದ್ರ ನಿಯಮಗಳಲ್ಲಿ 96ನೆಯದು ಬ್ರೇಕಿನದು. ಸುರಕ್ಷಿತವಲ್ಲದ ವಾಹನವನ್ನು ರಸ್ತೆಗೆ ತಂದರೆ 190ನೆಯ ಕಲಮಿನಂತೆ ಅಪರಾಧ. ಬಾಡಿಗೆಯ ವಾಹನವನ್ನು ಕಾಲಕಾಲಕ್ಕೆ ಪರೀಕ್ಷೆಗೆ ಒಡ್ಡಬೇಕು. ಆದರೆ ಮನೆಯ ಮೋಟಾರು ಸೈಕಲ್ಲಿನ ನೋಂದಣಿ 15 ವರ್ಷಕ್ಕೆ. ಆಮೇಲೆಯೇ ಶಿರಸಿಯ ಸಾರಿಗೆ ಕಚೇರಿಯ ಅಧಿಕಾರಿ ಅದನ್ನು ನೋಡಿ ಮುಂದಿನ 5 ವರ್ಷಕ್ಕೆ ಒಪ್ಪಿಗೆ ಕೊಡುವುದು. 2001ರ ಪಲ್ಸರಿಗೆ ಈ ಪರೀಕ್ಷೆ ಒದಗಿದ್ದು 2016ರಲ್ಲಿ. ಬ್ರಿಟನ್ನಿನವರು 1960ರಲ್ಲಿ ಹತ್ತು ವರ್ಷದ ವಾಹನಗಳಿಗೆ ಪರೀಕ್ಷೆ ತಂದು, 1967ರೊಳಗೆ ಅದನ್ನು ಮೂರು ವರ್ಷಕ್ಕೆ ಇಳಿಸಿದರು. ನಮ್ಮ ಹದಿನೈದು ವರ್ಷ ಘಟ್ಟದ ಸೀಮೆಗೆ ತೀರ ದೀರ್ಘವೆಂದು ನನ್ನ ಮತ. 2019ರ ಏಪ್ರಿಲಿನಿಂದ 125 ಸಿಸಿಗೆ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು, ಒಳ್ಳೆಯದೇ; ಅದು ಗಾಲಿ ಜಾರದಂತೆ ಕಾಯುತ್ತದೆಯೇ ಹೊರತು ಸವೆದ ತಟ್ಟೆಯನ್ನು ದಪ್ಪ ಮಾಡುವುದಿಲ್ಲ.

ಆದುದರಿಂದ ನಡುವಿನ ವರ್ಷಗಳಲ್ಲಿ ಪರೀಕ್ಷಾಧಿಕಾರಿ ನೀವೇ. ಗಾಡಿ ತಣ್ಣಗಿರುವಾಗ ಡಿಸ್ಕಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ. ಅಂಚಿನಲ್ಲಿ ದಿಬ್ಬವೆದ್ದು ನಡುವೆ ತಗ್ಗಾಗಿದ್ದರೆ ಸವೆದಿದೆಯೆಂದೇ ಅರ್ಥ. ಹೆಚ್ಚಿನ ಡಿಸ್ಕುಗಳ ಮೇಲೆ ‘ಮಿನ್ ಟಿಎಚ್’ ಎಂಬ ಗುರುತಿನ ಮುಂದೆ ಕನಿಷ್ಠ ದಪ್ಪವನ್ನು ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ. ಮೈಕ್ರೋಮೀಟರಿನಿಂದ ನಾಲ್ಕಾರು ಕಡೆ ಅಳೆಯುವಂತೆ ಗ್ಯಾರೇಜಿನವನಿಗೆ ಹೇಳಿ; ಒಂದು ಕಡೆ ಅದಕ್ಕಿಂತ ಕಡಮೆ ಬಂದರೂ ತಟ್ಟೆಯನ್ನು ಬದಲಿಸಬೇಕು. ಉಜ್ಜಿ ಸಮ ಮಾಡಿಕೊಡುತ್ತೇನೆ ಎನ್ನುವವನಿಗೆ ನಮಸ್ಕಾರ ಹೇಳಿ ಬನ್ನಿ. ಉಜ್ಜಿದರೆ ಇನ್ನಷ್ಟು ತೆಳುವಾಗುತ್ತದೆ. ಹಳೆಯ ಪ್ಯಾಡುಗಳು ಹಳೆಯ ತಟ್ಟೆಯ ಉಬ್ಬುತಗ್ಗಿಗೆ ಹೊಂದಿಕೊಂಡಿರುವುದರಿಂದ ಅವನ್ನೂ ಜೊತೆಯಲ್ಲೇ ಬದಲಿಸಬೇಕು. ಹೊಸ ತಟ್ಟೆಗೆ ಕೈಯ ಜಿಡ್ಡಾಗಲಿ ತುಕ್ಕು ತಡೆಯಲು ಸವರಿದ ಎಣ್ಣೆಯಾಗಲಿ ಉಳಿಯಕೂಡದು.

ಹೊಸ ಡಿಸ್ಕೂ ಪ್ಯಾಡೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಹಿಡಿತ ಪೂರ್ತಿ ಬರುವುದಿಲ್ಲ. ಹಾಕಿಸಿದ ದಿನವೇ ದೇವಿಮನೆಯತ್ತ ಮುಖ ಮಾಡದೆ, ಬನವಾಸಿಯ ಕಡೆಯ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ, ಹಿಂದೆ ವಾಹನವಿಲ್ಲದ ಕಡೆ ಮೆಲ್ಲಮೆಲ್ಲನೆ ಹತ್ತಿಪ್ಪತ್ತು ಬಾರಿ ಬ್ರೇಕು ಹಿಡಿದು ಬಿಟ್ಟು ಮನೆಗೆ ಬನ್ನಿ.