ಅಲಿಯ ನೆರಳಿನಲ್ಲಿ ಫ್ರೇಜಿಯರ್

ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೂರು ಬಾರಿ ಮುಖಾಮುಖಿಯಾದರು. 1971ರಲ್ಲಿ ನ್ಯೂಯಾರ್ಕಿನಲ್ಲಿ ಫ್ರೇಜಿಯರ್ ಗೆದ್ದರು. 1974ರಲ್ಲಿ ಅದೇ ಊರಿನಲ್ಲಿ, 1975ರಲ್ಲಿ ಮನಿಲಾದಲ್ಲಿ ಅಲಿ ಗೆದ್ದರು. ಗೆಲುವಿನ ಲೆಕ್ಕ ಸರಳ, ಕೀರ್ತಿಯ ಹಂಚಿಕೆ ಹಾಗಲ್ಲ. ವಿಯೆಟ್ನಾಂ ಯುದ್ಧಕಾಲದಲ್ಲಿ ಸೇನೆ ಸೇರಲೊಪ್ಪದೆ 1967ರಲ್ಲಿ ಪಟ್ಟ ಕಳೆದುಕೊಂಡ ಅಲಿ ಕಣದಾಚೆಗೂ ಪ್ರತಿರೋಧದ ಪ್ರತೀಕವಾದರು. ಅವರು ಮರಳಿ ಕಣಕ್ಕಿಳಿಯಬೇಕೆಂದು ಬೆಂಬಲಿಸಿದವರಲ್ಲಿ ಫ್ರೇಜಿಯರ್ ಕೂಡ ಒಬ್ಬರು. ಆ ಫ್ರೇಜಿಯರರನ್ನೇ ಅಲಿ ಮುಂದೆ ‘ಗೊರಿಲ್ಲಾ’ ಎಂದು ಹಂಗಿಸಿದರು. ದಕ್ಷಿಣ ಕೆರೊಲಿನಾದ ಬಡ ಕರಿಯ ಕುಟುಂಬದಿಂದ ಬಂದವರಿಗೆ ಆ ಮಾತಿನ ಗಾಯ ಬಹುಕಾಲ ಮಾಯಲಿಲ್ಲ. ಅವರು ನೆಲೆಸಿದ್ದ ಫಿಲಡೆಲ್ಫಿಯಾದಲ್ಲಿ ಸಿನಿಮಾದ ಕಲ್ಪಿತ ಬಾಕ್ಸರ್ ರಾಕಿಗೆ ಪ್ರತಿಮೆ ಮೊದಲು ಬಂತು. ಫ್ರೇಜಿಯರರದು ಬಂದದ್ದು ಅವರು ತೀರಿಕೊಂಡ ನಾಲ್ಕು ವರ್ಷಗಳ ನಂತರ, 2015ರಲ್ಲಿ. ಅಲಿಯ ಧೈರ್ಯವನ್ನು ಕೊಂಡಾಡುವಾಗ ಈ ಅನ್ಯಾಯವನ್ನೂ ನೆನೆಯಬೇಕು.