ಮನೋಧರ್ಮದ ಶಿಕ್ಷಣ

ಸಂಗೀತಶಾಲೆಯಲ್ಲಿ ಕೀರ್ತನೆಯನ್ನು ಬಾಯಿಪಾಠ ಮಾಡಿಸಬಹುದು, ಮನೋಧರ್ಮವನ್ನು ಕಲಿಸಲಾದೀತೆ? ಅದು ಹುಟ್ಟಿನಿಂದ ಬರತಕ್ಕದ್ದು, ಪಾಠಕ್ಕೆ ಸಿಕ್ಕತಕ್ಕದ್ದಲ್ಲವೆಂದು ಹೇಳುವವರು ಬಹುಮಂದಿ. ಚರಿತ್ರೆಯು ಈ ಮಾತನ್ನು ಪೂರ್ಣವಾಗಿ ಒಪ್ಪುವುದಿಲ್ಲ.

ಇದಕ್ಕೆ ಸಾಕ್ಷಿಯು ನಮ್ಮ ತುಂಗಭದ್ರೆಯ ದಡದಲ್ಲಿಯೇ ದೊರೆಯುವುದು. ಗಂಗಾವತಿ ಸೀಮೆಯ ಆನೆಗೊಂದಿಗೆ ಎದುರಾಗಿ, ಹೊಳೆಯ ಆಚೆ, ವಿಜಯನಗರವಿದ್ದಿತು. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ ಸಂಗೀತರತ್ನಾಕರಕ್ಕೆ, 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ‘ಕಲಾನಿಧಿ’ ಎಂಬ ವ್ಯಾಖ್ಯೆಯನ್ನು ಬರೆದನು. ರಾಗವನ್ನು ವಿಸ್ತರಿಸುವ ಕ್ರಿಯೆಗೆ ಆ ಗ್ರಂಥದಲ್ಲಿ ‘ಆಲಪ್ತಿ’ಯೆಂದು ಹೆಸರು. ಅದು ನಾಲ್ಕು ಸ್ವಸ್ಥಾನಗಳಲ್ಲಿ ನಡೆಯಬೇಕು. ರಾಗದ ಸ್ಥಾಯಿಸ್ವರದಿಂದ ನಾಲ್ಕನೆಯದು ದ್ವ್ಯರ್ಧ, ಎಂಟನೆಯದು ದ್ವಿಗುಣ, ಇವೆರಡರ ನಡುವಣವು ಅರ್ಧಸ್ಥಿತಗಳು. ಮೊದಲು ದ್ವ್ಯರ್ಧದ ಕೆಳಗೆ ಸಂಚಾರ; ಬಳಿಕ ದ್ವ್ಯರ್ಧ; ಅನಂತರ ಅರ್ಧಸ್ಥಿತಗಳು; ಕಡೆಗೆ ದ್ವಿಗುಣ. ಪ್ರತಿಯೊಂದು ಹಂತದಲ್ಲಿಯೂ ಸ್ಥಾಯಿಗೆ ಮರಳಿ ನಿಲ್ಲಬೇಕು. ಪ್ರಬಂಧವೊಂದನ್ನು ಹಿಡಿದು, ಅದರ ತಾಳದೊಳಗೆ ನಡೆಸುವ ‘ರೂಪಕಾಲಪ್ತಿ’ಯು ಬೇರೆ, ಅದರ ಒಂದು ಬಗೆಯು ಇಂದಿನ ನೆರವಲನ್ನು ನೆನಪಿಗೆ ತರುವುದು. ಹೆಜ್ಜೆಯಿಡುವ ಕ್ರಮವನ್ನು ಶಾಸ್ತ್ರವು ಹೇಳಿತು. ಹೆಜ್ಜೆಯ ಬೆಡಗನ್ನು ಗಾಯಕನಿಗೆ ಬಿಟ್ಟಿತು. ಕ್ರಮವಿರುವಲ್ಲಿ ಶಿಕ್ಷಣಕ್ಕೆ ಎಡೆಯುಂಟು.

ಈ ಶಿಕ್ಷಣವು ಹೇಗೆ ನಡೆಯಿತೆಂಬುದಕ್ಕೆ ಸಮೀಪದ ನಿದರ್ಶನವೊಂದಿದೆ. ಕೊಪ್ಪಳದಿಂದ ರೈಲು ಹಿಡಿದು ಪಡುವಣಕ್ಕೆ ಹೋದರೆ ಗದಗು. 1948ರವರೆಗೆ ಕೊಪ್ಪಳ, ಕುಷ್ಟಗಿ, ಯಲಬುರ್ಗಿಗಳು ನಿಜಾಮರ ಸಂಸ್ಥಾನದಲ್ಲಿದ್ದುವು. ಗದಗು ಮುಂಬಯಿ ಪ್ರಾಂತದಲ್ಲಿದ್ದಿತು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಬಲ್ಲವರು. ಅಂಧರಿಗೂ ಬಡಮಕ್ಕಳಿಗೂ ಅನ್ನವಿಕ್ಕಿ ವಿದ್ಯೆ ಕೊಟ್ಟರು. ಕಣ್ಣಿಲ್ಲದ ಶಿಷ್ಯನಿಗೆ ಸ್ವರಲಿಪಿಯ ಪುಸ್ತಕದಿಂದೇನು ಪ್ರಯೋಜನ? ಗುರುವಿನ ಕಂಠವೇ ಪುಸ್ತಕ, ತನ್ನ ಕಿವಿಯೇ ಕಣ್ಣು. 1936ರಲ್ಲಿ ಹಂಪೆಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವಾದಾಗ ತರುಣ ಬಸವರಾಜ ರಾಜಗುರುಗಳು ಹಾಡಿದರು. ತಬಲ ನುಡಿಸಿದವರು ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಶಿಷ್ಯನು ಸಭೆಯ ಮುಂದೆ ಸ್ವತಂತ್ರನಾಗಿ ಸಂಚರಿಸುವಾಗ ಗುರುವು ಲಯ ಹಿಡಿದು ಜೊತೆಗಿದ್ದನು. ಇದಕ್ಕಿಂತ ಉತ್ತಮವಾದ ಪರೀಕ್ಷೆಯುಂಟೆ?

ಇಂದು ಸಂಗೀತವು ಕಾಲೇಜಿನ ಗಂಟೆಗೂ ಅಂಕಪಟ್ಟಿಗೂ ಒಳಪಟ್ಟಿದೆ. ಇದರಿಂದ ಅನೇಕರಿಗೆ ವಿದ್ಯೆಯ ಬಾಗಿಲು ತೆರೆಯಿತೆಂಬುದನ್ನು ನಾವು ಮರೆಯಲಾಗದು. ಆದರೆ ರಾಗಗಳ ಸಂಖ್ಯೆಯನ್ನೇ ಎಣಿಸುವ ಶಾಲೆಯು ವಿಸ್ತಾರಕ್ಕೆ ಹೊತ್ತನ್ನು ಎಲ್ಲಿಂದ ತಂದೀತು? ಹತ್ತು ರಾಗಗಳಿಗೆ ಬದಲಾಗಿ ಎರಡನ್ನೇ ವರ್ಷವೆಲ್ಲ ಹಾಡಿಸಿ, ವಿದ್ಯಾರ್ಥಿಯು ತಾನೇ ಕಟ್ಟಿದ ಆಲಾಪವನ್ನು ಕೇಳಿ ತಿದ್ದುವುದು ಮೇಲು. ಕೃತಿಗಳನ್ನು ಕಾಗದವು ಕಾಯ್ದೀತು. ಆಲಪ್ತಿಯನ್ನು ಕಾಯತಕ್ಕವರು ಬದುಕಿರುವ ಗುರುಶಿಷ್ಯರು ಮಾತ್ರ.