ಕಡತದ ಕಪ್ಪು, ಬಳಪದ ಬಿಳುಪು: ಜಾಲತಾಣದ ಏಕವರ್ಣಕ್ಕೊಂದು ಪೂರ್ವೇತಿಹಾಸ

ಬಿಳಿಜೋಳ ಕೊಯ್ದು ಮುಗಿದ ಮೇಲೆ ನರಗುಂದ, ರೋಣದ ಎರೆಹೊಲಗಳಲ್ಲಿ ಕಣ್ಣು ಹಾಯುವವರೆಗೂ ಒಂದೇ ಬಣ್ಣ. ಹೊರಗಿನವರಿಗೆ ಹಾಗೆ ಕಂಡೀತು; ಹೊಲದವರು ಒಪ್ಪುವುದಿಲ್ಲ. ಹಸಿ ಎರೆಯ ಕಪ್ಪು ಬೇರೆ, ಬಿರುಕು ಬಿಟ್ಟ ಎರೆಯ ಬೂದು ಬೇರೆ, ಈಗಷ್ಟೇ ಹರಗಿದ ಸಾಲಿನ ಒಳಮಣ್ಣು ಬೇರೆ. ಜಾಲತಾಣದ ವಿನ್ಯಾಸಕಾರರು ಏಕವರ್ಣ ಎನ್ನುವುದೂ ಇದನ್ನೇ: ಒಂದು ಬಣ್ಣವನ್ನು ಹಿಡಿದು ಅದರ ಬೆಳಕನ್ನೂ ಗಾಢತೆಯನ್ನೂ ಏರಿಸಿ ಇಳಿಸುವುದು. ಇದನ್ನು ಹೊಸ ಅಭಿರುಚಿಯೆಂದು ಹೊಗಳುವುದುಂಟು. ನನ್ನ ವಾದ ಬೇರೆ: ಏಕವರ್ಣ ಮೊದಲು ಬಂದದ್ದು ಸಾಮಗ್ರಿಯ ಒತ್ತಾಯದಿಂದ, ಆಯ್ಕೆಯಾದದ್ದು ಆಮೇಲೆ.

ಕನ್ನಡನಾಡಿನ ಕಡತವನ್ನೇ ನೋಡಿ. ಹತ್ತಿಬಟ್ಟೆಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಬದಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಬರೆಯಲು ಬಳಪ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಇದರ ಅಳತೆ ಕೊಟ್ಟಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿವೆ. ಕಪ್ಪು ನೆಲ, ಬಿಳಿ ಅಕ್ಷರ: ಮೊಬೈಲಿನವರು ಡಾರ್ಕ್ ಮೋಡ್ ಎನ್ನುವುದು ಇದನ್ನೇ ಅಲ್ಲವೇ? ಗಣಕದ ಫೈಲಿಗೆ ಕನ್ನಡದಲ್ಲಿ ಕಡತವೆಂಬ ಹೆಸರೇ ನಿಂತದ್ದು ಕಾಕತಾಳೀಯವಿರಬಹುದು, ಆದರೂ ಸೊಗಸು.

ಅಕ್ಷರ ಬರೆದ ಬಳಪದ ಕಲ್ಲೇ ಗುಡಿಯನ್ನೂ ಕಟ್ಟಿತು. ನರಗುಂದಕ್ಕೆ ದೂರವಲ್ಲದ ಅಣ್ಣಿಗೇರಿಯ ಅಮೃತೇಶ್ವರ (ಸುಮಾರು 1050), ಅತ್ತ ಲಕ್ಕುಂಡಿಯ ಕಾಶಿವಿಶ್ವೇಶ್ವರ ಈ ಜಾತಿಯ ಕಲ್ಲಿನವು. ಬಾದಾಮಿಯ ಮರಳುಗಲ್ಲಿಗಿರುವ ಕೆಂಪು ಇದಕ್ಕಿಲ್ಲ. ಹಸಿರು ಬೆರೆತ ಬೂದು ಅಷ್ಟೆ. ಆದರೆ ಮೆದು, ಉಳಿ ಆಳಕ್ಕೆ ಇಳಿಯುತ್ತದೆ. ಬಾಗಿಲವಾಡದ ಬಳ್ಳಿ ಎದ್ದು ಕಾಣುವುದು ಅದರ ಹಿಂದೆ ಕೊರೆದಿಟ್ಟ ನೆರಳಿನಿಂದ.

ಗಣಕದ ಪರದೆಯೂ ಇದೇ ಹಾದಿ ಹಿಡಿಯಿತು. ಮೊದಲಿಗೆ ಹಸಿರು ಇಲ್ಲವೇ ಹಳದಿಗೆಂಪು ರಂಜಕ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ಜಾಲವೀಕ್ಷಕ ಬರೆದ ನೆಕ್ಸ್ಟ್ ಗಣಕದ ಪರದೆಯಲ್ಲಿದ್ದದ್ದು ಕಪ್ಪು, ಬಿಳಿ, ನಡುವೆ ಎರಡು ಬೂದು. 1993ರ ಜಾಲವೀಕ್ಷಕ ಮೊಸಾಯಿಕ್‌ನ ಪುಟದ ನೆಲವೂ ಬೂದೇ. ಲಕ್ಷಾಂತರ ಬಣ್ಣ ಕೈಗೆ ಬಂದ ಮೇಲೆಯೇ ಏಕವರ್ಣ ರುಚಿಯ ಮಾತಾಯಿತು.

ಹಾಗೆ ಆಯ್ದುಕೊಂಡವರು ಎಡವುವುದು ಬೂದಿನಲ್ಲಿ. ಜಾಲತಾಣ ಎಲ್ಲರಿಗೂ ಓದಲು ಬರಬೇಕೆನ್ನುವ 2008ರ ಡಬ್ಲ್ಯೂಸಿಎಜಿ 2.0 ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ನೆಲಕ್ಕೂ 4.5:1 ಬೆಳಕಿನ ವ್ಯತ್ಯಾಸ ಕೇಳುತ್ತದೆ. ಬಿಳಿಯ ಮೇಲೆ #767676 ಬೂದು ಪಾಸು. ಕೂದಲೆಳೆಯಷ್ಟು ತೆಳುವಾದ #777777 ನಪಾಸು. ಕನ್ನಡಕ್ಕೆ ಪಾಸಾದದ್ದೂ ಸಾಲದು ಎನ್ನುತ್ತೇನೆ. ‘ರಾಷ್ಟ್ರೀಯ’ ಎಂದು ಸಣ್ಣ ಗಾತ್ರದಲ್ಲಿ, ತೆಳು ಬೂದಿನಲ್ಲಿ ಬರೆದು ನೋಡಿ: ‘ಷ’ ಉಳಿಯುತ್ತದೆ, ಕೆಳಗಿನ ಒತ್ತುಗಳು ಮೊದಲು ಮಾಯವಾಗುತ್ತವೆ. ಕಡತ ಬರೆದವರಿಗೆ ಈ ಪೇಚು ಇರಲಿಲ್ಲ. ಬಳಪದ ಮೊನೆಯಿಂದ ಅಷ್ಟು ತೆಳು ಗೆರೆ ಬರುವುದೇ ಇಲ್ಲ.